ಮುನಿಸಿನ ಗೋಡೆಯ ಕರಿ ಮಗ್ಗು

ನಾನು ಈಗ ಇರುವ ಊರಿನಲ್ಲಿ ಪ್ಲಾಸ್ಟಿಕ್ ಸಾಯುವುದಿಲ್ಲ. ನನ್ನ ಮಗಳ ನಾಮಕರಣಕ್ಕೆ ಕೊಂಡ ನೀಲಿ ಬಕೆಟ್ಟು ಅವಳ ಮಗನ ನಾಮಕರಣದ ದಿನವೂ ಬಚ್ಚಲಲ್ಲಿ ಹಾಗೇ ಕೂತಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಒಂಥರಾ ಮುಜುಗರ, ಊಟ ಮುಗಿದ ಮೇಲೂ ಏಳದೆ ಕೂತ ನೆಂಟರನ್ನು ಕಂಡ ಹಾಗೆ. ಇಲ್ಲಿನವರ ಜಗಳಗಳೂ ಅಷ್ಟೇ. ಶುರುವಾದದ್ದು ಗೊತ್ತು, ಮುಗಿಯುವುದು ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಎದುರುಮನೆಯ ಅಣ್ಣತಮ್ಮಂದಿರು ಒಂದೇ ಮೆಟ್ಟಿಲು ಹತ್ತಿ ಇಳಿಯುತ್ತಾರೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಎಷ್ಟು ವರ್ಷವಾಯಿತು ಎಂದು ಕೇಳಿದರೆ ಅವರಿಗೇ ನೆನಪಿಲ್ಲ. ಆಗ ನನಗೆ ನಮ್ಮೂರು ನೆನಪಾಗುತ್ತದೆ.

ನಮ್ಮೂರಲ್ಲಿ ಯುಗಾದಿಗೆ ತಂದ ಪ್ಲಾಸ್ಟಿಕ್ ಬಾಚಣಿಗೆ ಕಾರಹುಣ್ಣಿಮೆ ಹೊತ್ತಿಗೆ ಬೊಚ್ಚುಬಾಯಿ ಬಿಡುತ್ತಿತ್ತು. ಗಂಡಸರ ಅಂಗಿಗೆ ತೆಂಗಿನ ಕರಟದ ಗುಂಡಿ, ಯಾಕೆಂದರೆ ಪ್ಲಾಸ್ಟಿಕ್ ಗುಂಡಿಗಳು ಸಂತೆಯ ನಡುವೆ ಪುಡಿಯಾಗಿ ಮಾನ ಕಳೆಯುತ್ತಿದ್ದವು. ನಮ್ಮ ಮನೆಯ ರೇಡಿಯೋದ ಮೈಯೆಲ್ಲ ಉದುರಿಹೋಗಿ, ಒಳಗಿನ ಕರುಳು ಮಾತ್ರ ಗೂಡಿನಲ್ಲಿ ಕೂತು ವಾರ್ತೆ ಓದುತ್ತಿತ್ತು. ಯಾವ ಸಾಮಾನಿಗೆ ಎಷ್ಟು ಆಯಸ್ಸು ಉಳಿದಿದೆ ಎಂದು ಅಂಗೈಯಿಂದ ಸವರಿ ಹೇಳುವುದು ನಮ್ಮ ಹೆಂಗಸರಿಗೆ ಅಕ್ಕಿಯಲ್ಲಿ ಕಲ್ಲು ಆರಿಸಿದಷ್ಟೇ ಸಲೀಸು. ಮೊದಲು ಬಣ್ಣ ಮಾಸುತ್ತದೆ. ಆಮೇಲೆ ಸುಣ್ಣದಂಥ ಬಿಳಿ ಪುಡಿ ಕೈಗೆ ಹತ್ತುತ್ತದೆ. ಆಮೇಲೆ ಕೂದಲೆಳೆಯಂಥ ಬಿರುಕು. ಕಡೆಗೊಂದು ದಿನ ಎತ್ತಿದ ಕೈಯಲ್ಲೇ ಚೂರು. ಆ ಚೂರುಗಳ ಮೇಲೆ ಮಳೆ ಬಿದ್ದರೆ ಬೂದುಬಣ್ಣದ ಬೂಷ್ಟು ಹತ್ತಿ, ಕಾರ್ತೀಕದ ಹೊತ್ತಿಗೆ ನೆಲ ಗುಡಿಸಿಟ್ಟ ಹಾಗೆ ಇರುತ್ತಿತ್ತು. ‘ಬಿಸಿಲು ಕಚ್ಚುತ್ತೆ, ಗಾಳಿ ಅಗಿಯುತ್ತೆ, ಬೂಷ್ಟು ನುಂಗುತ್ತೆ’ ಎಂದು ನಾವು ಮಗ್ಗಿ ಕಲಿಯುವ ಮೊದಲೇ ಕಲಿತಿದ್ದೆವು.

ಇಂಥ ಊರಿನಲ್ಲಿ ಜಗಳಕ್ಕೆ ಗಡುವು ಇಡುವುದು ಸುಲಭ. ಊರ ಕಟ್ಟೆಯ ಪಕ್ಕ ತೆಂಕಣ ಬಿಸಿಲಿಗೆ ಮೈಯೊಡ್ಡಿದ ಒಂದು ಉದ್ದ ಗೋಡೆ ಇತ್ತು, ಮುನಿಸಿನ ಗೋಡೆ ಎನ್ನುತ್ತಿದ್ದರು. ಇಬ್ಬರ ನಡುವೆ ಮಾತು ಮುರಿದರೆ ಆ ಇಬ್ಬರೂ ಬಂದು, ಒಂದು ಪ್ಲಾಸ್ಟಿಕ್ ಸಾಮಾನನ್ನು ಮುಟ್ಟಿ, ಗೋಡೆಯ ಮೊಳೆಗೆ ತೂಗುಹಾಕಬೇಕು. ಅದು ತಾನಾಗಿ ಒಡೆದು ಬೀಳುವವರೆಗೆ ಮಾತಿಲ್ಲ. ಬಿದ್ದ ದಿನ ಮಾತಾಡಲೇಬೇಕು, ಮನಸ್ಸಿರಲಿ ಬಿಡಲಿ. ಗಂಡಹೆಂಡಿರ ಮುನಿಸಿಗೆ ತೆಳ್ಳನೆಯ ಕೈಚೀಲ, ಇಪ್ಪತ್ತು ದಿನ. ನೆರೆಹೊರೆಯ ಮುನಿಸಿಗೆ ಮಗ್ಗು, ಐದು ತಿಂಗಳು. ಹೊಲಗದ್ದೆ, ಮದುವೆ ಸಂಬಂಧದ್ದಕ್ಕೆ ಬಕೆಟ್ಟು, ಒಂದೂವರೆ ವರ್ಷ. ಬಕೆಟ್ಟಿಗಿಂತ ದೊಡ್ಡ ಜಗಳ ನಮ್ಮೂರಲ್ಲಿ ಇರಲಿಲ್ಲ, ಇದ್ದರೂ ಮೊಳೆ ತಡೆಯುತ್ತಿರಲಿಲ್ಲ. ಯಾವ ಜಗಳಕ್ಕೆ ಯಾವ ಸಾಮಾನು ಎಂದು ತೀರ್ಮಾನಿಸುವವನು ಗೋಡೆ ಕಾಯುವ ಬೆಳ್ಳಯ್ಯ. ತೂಗುಹಾಕಿದ್ದನ್ನು ಕೈಯಿಂದ ಒಡೆಯುವಂತಿಲ್ಲ, ಇಳಿಸುವಂತಿಲ್ಲ. ಅದು ತೂಗುತ್ತಿರುವಾಗಲೇ ಮಾತಾಡಿದವರಿಗೆ ಆ ಗೋಡೆಯಲ್ಲಿ ಮತ್ತೆ ಯಾವತ್ತೂ ಮೊಳೆ ಸಿಗುತ್ತಿರಲಿಲ್ಲ. ಹೊರಗಿನವರಿಗೆ ಇದು ತಮಾಷೆ ಅನ್ನಿಸಬಹುದು. ಕೊನೆಯೇ ಇಲ್ಲದ ಜಗಳ ಎಂದರೆ ನಮಗೆ ದೆವ್ವಕ್ಕಿಂತ ಹೆಚ್ಚಿನ ಭಯ.

ನನ್ನವ್ವ ಪುಟ್ಟನಂಜಮ್ಮ ಮತ್ತು ಪಕ್ಕದ ಮನೆಯ ಹೊಂಬಾಳಮ್ಮ ಇಬ್ಬರೂ ವೈರ್ ಬುಟ್ಟಿ ಹೆಣೆಯುವವರು. ಬುಟ್ಟಿಗಳು ಹತ್ತು ತಿಂಗಳಿಗೆ ಉದುರುವ ಊರಿನಲ್ಲಿ ಈ ಕೆಲಸಕ್ಕೆ ಬರವಿಲ್ಲ. ಎರಡು ಮನೆಗೂ ಸೇರಿದ ಒಂದೇ ಉದ್ದ ಜಗುಲಿ, ಅದರ ಮೇಲೆ ಎದುರುಬದುರು ಕೂತು, ಬೆರಳು ಒಂದು ಕಡೆ ಬಾಯಿ ಒಂದು ಕಡೆ, ಬೆಳಗಿನಿಂದ ಸಂಜೆವರೆಗೆ ಹೆಣೆಯುತ್ತಿದ್ದರು. ಹೊಂಬಾಳಮ್ಮನಿಗೆ ಮಕ್ಕಳಿರಲಿಲ್ಲ. ನಾನು ಅವಳನ್ನು ದೊಡ್ಡವ್ವ ಎನ್ನುತ್ತಿದ್ದೆ, ಎರಡು ಮನೆಯಲ್ಲೂ ಉಣ್ಣುತ್ತಿದ್ದೆ, ಎಲ್ಲಿ ಸಾರು ರುಚಿಯೋ ಅಲ್ಲಿ ಮಲಗುತ್ತಿದ್ದೆ. ನಮ್ಮಲ್ಲಿ ಬುಟ್ಟಿ ಹೆಣೆಯುವವರದೊಂದು ಮಾತಿತ್ತು, ಬುಟ್ಟಿ ಉದುರಿದರೂ ಹಿಡಿ ಕೈಯಲ್ಲಿರಬೇಕು ಎಂದು. ಹಿಡಿ ಚೆನ್ನಾಗಿ ಹೆಣೆದವಳೇ ಹೆಣೆದವಳು.

ನನಗೆ ಹನ್ನೊಂದು ವರ್ಷವಾಗಿದ್ದಾಗ ಅಂಚೆ ಮೇಷ್ಟರ ಹೆಂಡತಿ ಬುಟ್ಟಿಗೆ ಬಂದರು. ಅವ್ವ ಹಳದಿ ಹಸಿರಿನ ಬುಟ್ಟಿ ಮುಗಿಸಿ ಕೊಟ್ಟು, ಅವರಿಗೆ ಕಾಫಿ ಮಾಡಲು ಒಳಗೆ ಹೋದಳು. ತಿರುಗಿ ಬರುವಷ್ಟರಲ್ಲಿ ಹೊಂಬಾಳಮ್ಮ ಬುಟ್ಟಿಯ ಹಿಡಿಯನ್ನು ಪೂರ್ತಿ ಬಿಚ್ಚಿ ತೊಡೆಯ ಮೇಲೆ ಹಾಕಿಕೊಂಡು ಹೊಸದಾಗಿ ಹೆಣೆಯುತ್ತಿದ್ದಳು.

“ಸಡಿಲಾಗಿತ್ತು ಕಣೆ ನಂಜಿ, ಎರಡು ತೆಂಗಿನಕಾಯಿ ಇಟ್ರೆ ಬಾಯ್ ಬುಡ್ತಿತ್ತು,” ಎಂದಳು. ಅವಳ ಮಟ್ಟಿಗೆ ಅದು ಸೊಪ್ಪಿಗೆ ಉಪ್ಪು ಕಮ್ಮಿ ಎಂದಷ್ಟೇ ಸಹಜ.

ಅವ್ವ ಕಾಫಿ ಲೋಟವನ್ನು ಹೊಸಿಲ ಮೇಲೇ ಇಟ್ಟಳು. “ಬಂದೋರ ಮುಂದೆ ನನ್ನ ಹಿಡಿ ಬಿಚ್ಚಿದ್ಯಲ್ಲೇ,” ಎಂದಳು. ಅಷ್ಟೇ. ಅಂಚೆ ಮೇಷ್ಟರ ಹೆಂಡತಿ ಕಾಫಿ ಕುಡಿಯದೆ ಹೋದರು. ಆ ಮಧ್ಯಾಹ್ನವೇ ಇಬ್ಬರೂ ಬೆಳ್ಳಯ್ಯನ ಮುಂದೆ ನಿಂತರು. ಬೆಳ್ಳಯ್ಯ ಇಬ್ಬರ ಮಾತೂ ಕೇಳಿ, ಗಡ್ಡ ಕೆರೆದುಕೊಂಡು, “ಮಗ್ಗು ಸಾಕು,” ಎಂದ.

ಸಾಮಾನನ್ನು ಜಗಳವಾಡಿದವರು ಆರಿಸುವಂತಿರಲಿಲ್ಲ. ಇಬ್ಬರಿಗೂ ಬೇಕಾದ ಒಂದು ಮಗು ಅಂಗಡಿಯಿಂದ ತರಬೇಕಿತ್ತು. ನನ್ನನ್ನು ಕಳಿಸಿದರು. ಅಂಗಡಿಯಲ್ಲಿ ಅವತ್ತು ಮೂರು ಬಣ್ಣದ ಮಗ್ಗುಗಳಿದ್ದವು, ಕೆಂಪು, ನೀಲಿ, ಕರಿ. ನನಗೆ ಆ ಜಗಳ ಒಂದು ದಿನವೂ ಬೇಡವಾಗಿತ್ತು. ಐದು ತಿಂಗಳು ಎಂದರೆ ದಸರೆ ದಾಟುತ್ತದೆ, ದೀಪಾವಳಿ ದಾಟುತ್ತದೆ. ನಿಂತಲ್ಲೇ ಯೋಚಿಸಿದೆ. ಬರಿಗಾಲಲ್ಲಿ ಕರಿ ಚಪ್ಪಡಿ ತುಳಿದರೆ ಬೊಬ್ಬೆ ಬರುತ್ತದೆ, ಬಿಳಿ ಚಪ್ಪಡಿ ತುಳಿದರೆ ಇಲ್ಲ. ಕರಿ ಕೊಡೆಯ ಕೆಳಗೆ ತಲೆ ಸುಡುತ್ತದೆ. ಅಂದಮೇಲೆ ಕರಿ ಮಗ್ಗು ಎಲ್ಲಕ್ಕಿಂತ ಹೆಚ್ಚು ಕಾಯುತ್ತದೆ, ಎಲ್ಲಕ್ಕಿಂತ ಬೇಗ ಸಾಯುತ್ತದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡು ಕರಿ ಮಗ್ಗು ಹಿಡಿದು ಓಡಿಬಂದೆ. ಅಲ್ಲಿಯವರೆಗೆ ಆ ಗೋಡೆಗೆ ಯಾರೂ ಕರಿ ಸಾಮಾನು ತಂದಿರಲಿಲ್ಲ, ಅಪಶಕುನ ಎಂದು. ಬೆಳ್ಳಯ್ಯ ಹುಬ್ಬು ಏರಿಸಿದ, ಬೇಡ ಎನ್ನಲಿಲ್ಲ. ಅವ್ವ ಮುಟ್ಟಿದಳು. ಹೊಂಬಾಳಮ್ಮ ಮುಟ್ಟಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆಚೆ ತಿರುಗಿದಳು. ಅಳುತ್ತಿದ್ದಾಳೆ ಎಂದುಕೊಂಡೆ.

ಅದೇ ದಿನ ಪಕ್ಕದ ಮೊಳೆಗೆ ಇಬ್ಬರು ಕ್ಷೌರಿಕರ ಜಗಳದ ಕೆಂಪು ಮಗ್ಗು ತೂಗಿತ್ತು. ನಾನು ಶಾಲೆಗೆ ಹೋಗುವಾಗ ಬರುವಾಗ ಎರಡನ್ನೂ ನೋಡುತ್ತಿದ್ದೆ. ಎರಡನೇ ತಿಂಗಳಿಗೆ ಕೆಂಪು ಮಗ್ಗು ಮೂಲಂಗಿ ಬಣ್ಣಕ್ಕೆ ತಿರುಗಿತು. ನಾಲ್ಕನೇ ತಿಂಗಳಿಗೆ ಅದರ ಮೈಯಿಂದ ಬಿಳಿ ಪುಡಿ ಉದುರತೊಡಗಿತು. ದೀಪಾವಳಿ ಕಳೆದ ವಾರ ಹಿಡಿ ಮಾತ್ರ ಮೊಳೆಯಲ್ಲಿ ಉಳಿದು ಮಗ್ಗು ಕೆಳಗೆ ಬಿತ್ತು, ಕ್ಷೌರಿಕರು ಒಬ್ಬರಿಗೊಬ್ಬರು ಗಡ್ಡ ಹೆರೆದುಕೊಂಡರು. ಕರಿ ಮಗ್ಗು ಮಾತ್ರ ಆಗತಾನೇ ಎಣ್ಣೆಸ್ನಾನ ಮಾಡಿ ಬಂದ ಹಾಗೆ ಹೊಳೆಯುತ್ತಿತ್ತು.

ನಾನು ಕಾದೆ. ಶಿವರಾತ್ರಿ ಹೋಯಿತು, ಯುಗಾದಿ ಬಂತು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಗೋಡೆಯ ಬುಡದಿಂದ ಬೂಷ್ಟು ಹತ್ತಿದ ಒದ್ದೆ ಮಣ್ಣನ್ನು ತೋಡಿ, ಕಲ್ಲಿನ ಮೇಲೆ ಕಲ್ಲಿಟ್ಟು ಹತ್ತಿ, ಮಗ್ಗಿನೊಳಗೆ ತುಂಬಿದೆ. ಮಗ್ಗು ಕೈ ಸುಡುವಷ್ಟು ಕಾದಿತ್ತು. ಇಷ್ಟು ಕಾದರೂ ಸಾಯದ ಅದರ ಮೇಲೆ ನನಗೆ ಹೇಳತೀರದ ಸಿಟ್ಟು ಬಂತು. ಆಗ ಹಿಂದಿನಿಂದ ಬೆಳ್ಳಯ್ಯ ನನ್ನ ಸೊಂಟ ಹಿಡಿದು ಇಳಿಸಿದ. ಬೈಯಲಿಲ್ಲ, ನೆಲದ ಮೇಲೆ ಕೂರಿಸಿಕೊಂಡ.

“ಬೂಷ್ಟಿಗೆ ಹಲ್ಲಿಲ್ಲ ಕಣ್ ಕೂಸೆ. ಬಿಸಿಲು ಕಚ್ಚಿ, ಗಾಳಿ ಅಗಿದು, ಮೆತ್ತಗೆ ಮಾಡಿಕೊಟ್ರೆ ಮಾತ್ರ ಅದು ನುಂಗೋದು. ಇದನ್ನ ಬಿಸಿಲೇ ಕಚ್ಚಿಲ್ಲ. ಕರಿ ಬಣ್ಣ ಬಿಸಿಲ್ನೆಲ್ಲ ಮೇಲ್ಗಡೆಯೇ ತಡ್ಕೊಂಡು ಒಳಕ್ಕೆ ಬುಡಾಕಿಲ್ಲ ಅಂತ ಕಾಣ್ತದೆ. ಮೂವತ್ತು ವರ್ಷ ಗೋಡೆ ಕಾಯ್ದೋನು ನಾನು, ನಂಗೇ ತಿಳೀಲಿಲ್ಲ.”

“ಯಾವಾಗ ಬೀಳ್ತದೆ ತಾತ?”

ಬೆಳ್ಳಯ್ಯ ಗೋಡೆಯನ್ನು ನೋಡಿದ. “ನಿನ್ನ ಮದುವೆ ಹೊತ್ಗೆ ಬಿದ್ರೆ ನಿನ್ನ ಪುಣ್ಯ,” ಎಂದ.

ಆಮೇಲೆ ಬೆಳ್ಳಯ್ಯ ಗೋಡೆಗೆ ಕರಿ ಸಾಮಾನು ತರಬಾರದು ಎಂದು ಡಂಗುರ ಸಾರಿಸಿದ. ಆಗಲೇ ತೂಗುಹಾಕಿದ್ದನ್ನು ಮಾತ್ರ ಇಳಿಸುವಂತಿರಲಿಲ್ಲ. ಒಂದು ಇಳಿಸಿದರೆ ನಾಳೆ ಎಲ್ಲರೂ ಇಳಿಸುತ್ತಾರೆ ಎಂದ. ಊರಿನವರೂ ಹೌದು ಎಂದರು. ಐದು ತಿಂಗಳ ಜಗಳ ಹೀಗೆ ಐದು ವರ್ಷವಾಯಿತು, ಹತ್ತಾಯಿತು. ನನಗೆ ಯಾರೂ ಒಂದು ಮಾತು ಅನ್ನಲಿಲ್ಲ. ಮಗು, ಬಣ್ಣ ಚೆನ್ನಾಗಿದೆ ಎಂದು ತಂದಿತು ಎಂದುಕೊಂಡರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಗಿರಾಕಿಗಳು ಬರುವುದು ಆ ಜಗುಲಿಗೇ ಆದ್ದರಿಂದ ಇಬ್ಬರೂ ಜಾಗ ಬಿಡಲಿಲ್ಲ. ಎದುರುಬದುರು ಕೂರುತ್ತಿದ್ದವರು ಬೆನ್ನಿಗೆ ಬೆನ್ನು ಕೊಟ್ಟು ಕೂತರು. ಅವ್ವ ಹಸಿರು ವೈರು ಮುಗಿದರೆ “ಹಸಿರು ಮುಗೀತಲ್ಲ ಶಿವನೇ” ಎಂದು ಕಂಬಕ್ಕೆ ಹೇಳುತ್ತಿದ್ದಳು. ಸ್ವಲ್ಪ ಹೊತ್ತಿನಲ್ಲಿ ಹಸಿರು ವೈರಿನ ಸುರುಳಿ ಹಿಂದಿನಿಂದ ಉರುಳಿಕೊಂಡು ಬರುತ್ತಿತ್ತು. ಬೆಳ್ಳಯ್ಯ ಇದಕ್ಕೂ ಬಂದು ಗದರಿದ, ಕಂಬಕ್ಕೆ ಹೇಳಿದರೂ ಹೇಳಿದ ಹಾಗೆಯೇ ಎಂದು. ಆಮೇಲೆ ಅದೂ ನಿಂತಿತು. ನಾನು ಎರಡು ಮನೆಗೂ ಹೋಗಬಹುದಿತ್ತು, ಆದರೆ ಈ ಮನೆಯ ಸುದ್ದಿ ಆ ಮನೆಗೆ ಒಯ್ಯುವಂತಿರಲಿಲ್ಲ. ದೊಡ್ಡವ್ವನ ಮನೆಯಲ್ಲಿ ಉಂಡು ಬಂದ ದಿನ ಅವ್ವ ಏನೂ ಕೇಳದೆ, ನನ್ನ ಕೈ ಹಿಡಿದು ಮೂಸಿ, “ಹುಳ್ಳಿಸಾರು” ಎಂದು ತನಗೆ ತಾನೇ ಹೇಳಿಕೊಂಡು ಒಲೆಯ ಕಡೆ ತಿರುಗುತ್ತಿದ್ದಳು. ಈಗಲೂ ಹುಳ್ಳಿಸಾರು ಉಂಡರೆ ನಾನು ಕೈ ತೊಳೆಯುವ ಮುಂಚೆ ಒಮ್ಮೆ ಮೂಸುತ್ತೇನೆ.

ಬೆನ್ನಿಗೆ ಬೆನ್ನು ಕೊಟ್ಟು ಕೂತಾಗ ಅವ್ವ ಹೆಣೆಯುತ್ತಾ ಗುನುಗುತ್ತಿದ್ದಳು. ಪದವಿಲ್ಲದ ಬರೀ ರಾಗ. ಪದವಿಲ್ಲದ್ದಕ್ಕೆ ಬೆಳ್ಳಯ್ಯನ ಹತ್ತಿರವೂ ಕಾನೂನು ಇರಲಿಲ್ಲ. ಅವ್ವ ಗುನುಗಿದರೆ ಹೊಂಬಾಳಮ್ಮನ ಬೆರಳು ಅದೇ ಲಯಕ್ಕೆ ಓಡುತ್ತಿತ್ತು. ನಾನು ಹೊಸಿಲ ಮೇಲೆ ಕೂತು ಅವರನ್ನು ನೋಡುತ್ತಿದ್ದೆ. ಜಗಳವಾಡಿದ ಇಬ್ಬರು ಹೆಂಗಸರು ಅಷ್ಟು ಹತ್ತಿರ ಕೂತದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ನನ್ನ ಮದುವೆಯಾಯಿತು, ಈ ಊರಿಗೆ ಬಂದೆ. ಮಗ್ಗು ಬೀಳಲಿಲ್ಲ. ಧಾರೆಯ ದಿನ ಇಬ್ಬರೂ ನನ್ನ ಎಡಕ್ಕೊಬ್ಬರು ಬಲಕ್ಕೊಬ್ಬರು ನಿಂತು, ನನ್ನ ತಲೆಯ ಮೇಲಿಂದ ಒಬ್ಬರನ್ನೊಬ್ಬರು ನೋಡದೆ ಅತ್ತರು. ವರ್ಷಕ್ಕೆ ಎರಡು ಸಲ ತವರಿಗೆ ಹೋಗುತ್ತಿದ್ದೆ. ಬಸ್ಸಿನಿಂದ ಇಳಿದವಳು ಮನೆಗೆ ಹೋಗುವ ಮೊದಲು ಗೋಡೆಯ ಹತ್ತಿರ ಹೋಗಿ ನೋಡುತ್ತಿದ್ದೆ. ಹದಿನೈದನೇ ವರ್ಷಕ್ಕೆ ಅದರ ಹೊಳಪು ಹೋಗಿತ್ತು, ಬಿರುಕು ಇರಲಿಲ್ಲ.

ಹತ್ತೊಂಬತ್ತನೇ ವರ್ಷ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಹೋದೆ. ದೊಡ್ಡವ್ವನ ಬಾಗಿಲಲ್ಲಿ ನಿಂತು ಕೂಗಿದರೆ ಅವಳು ತಿರುಗಲಿಲ್ಲ. ಒಳಗೆ ಹೋಗಿ ಭುಜ ಮುಟ್ಟಿದ ಮೇಲೆ ಬೆಚ್ಚಿಬಿದ್ದು ನಕ್ಕಳು.

“ಬಲಗಿವಿ ಪೂರಾ ಹೋಯ್ತು ಕಣ್ ಕೂಸೆ. ಎಡಗಿವಿ ಅಷ್ಟಿಷ್ಟು ಉಳಿದದೆ. ಡಾಕ್ಟ್ರು ಅದೂ ಒಂದು ವರ್ಷಕ್ಕೆ ಮುಗೀತದೆ ಅಂದ್ರು. ಯಾರ್ಗೂ ಹೇಳ್ಬ್ಯಾಡ.”

“ಅವ್ವಂಗೆ?”

“ಅವ್ಳಿಗೆ ಹೇಳಂಗಿಲ್ವಲ್ಲ,” ಎಂದು ಹೇಳಿ, ಮಗುವಿನ ಕೆನ್ನೆ ಸವರಿದಳು. ಆಮೇಲೆ, “ಬೆನ್ನ ಹಿಂದೆ ನಿನ್ನವ್ವ ಗುನುಗ್ತಿರ್ತಾಳೆ. ಈಗೀಗ ಕೇಳಾಕಿಲ್ಲ. ಬೆನ್ನಿಗೆ ಮಾತ್ರ ತಾಕ್ತದೆ, ಜೇನುಗೂಡು ಇದ್ದಂಗೆ,” ಎಂದಳು.

ನನಗೆ ಅಲ್ಲಿ ಕೂರಲಾಗಲಿಲ್ಲ. ಮಗುವನ್ನು ಎತ್ತಿಕೊಂಡೇ ಗೋಡೆಯ ಹತ್ತಿರ ಹೋದೆ. ಬೆಳ್ಳಯ್ಯನಿಗೆ ಆಗ ಎಂಬತ್ತು ದಾಟಿತ್ತು, ಕೋಲೂರಿಕೊಂಡು ಬಂದು ಮಗ್ಗಿನ ಮೇಲೆ ಅಂಗೈ ಆಡಿಸಿ ನೋಡಿದ. ಕೈಗೆ ತುಸುವೇ ಪುಡಿ ಹತ್ತಿತು. “ಇನ್ನೂ ಆರೇಳು ವರ್ಷ ಅದೆ,” ಎಂದ. ಆರೇಳು ವರ್ಷದ ಮೇಲೆ ಮಗ್ಗು ಬಿದ್ದರೆ ಅವ್ವ ಮಾತಾಡುತ್ತಾಳೆ, ಕೇಳಲು ಕಿವಿ ಇರುವುದಿಲ್ಲ. ನಾನು ಹನ್ನೊಂದು ವರ್ಷದವಳಿದ್ದಾಗ ಆರಿಸಿದ ಒಂದು ಬಣ್ಣಕ್ಕೆ ಇಷ್ಟು ಬೆಲೆಯೇ ಎಂದು ಅಲ್ಲೇ ನಿಂತು ಅತ್ತೆ. ಬೆಳ್ಳಯ್ಯ ಕೋಲಿನ ತುದಿಯಿಂದ ನೆಲ ಕೆರೆಯುತ್ತಿದ್ದ.

ಮನೆಗೆ ಬಂದು ಅವ್ವನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಸುದ್ದಿ ಒಯ್ಯಬಾರದೆಂಬ ನೇಮ ಮುರಿದು ದೊಡ್ಡವ್ವನ ಕಿವಿಯ ವಿಷಯ ಹೇಳಿದೆ. ಕರಿ ಮಗ್ಗು ಬೇಗ ಸಾಯುತ್ತದೆಂದು ಲೆಕ್ಕ ಹಾಕಿ ತಂದವಳು ನಾನು, ಬಣ್ಣಕ್ಕೆ ಮರುಳಾಗಿ ತಂದದ್ದಲ್ಲ, ನಿಮ್ಮಿಬ್ಬರ ಹತ್ತೊಂಬತ್ತು ವರ್ಷ ತಿಂದವಳು ನಾನೇ ಎಂದೂ ಹೇಳಿದೆ. ಅವ್ವ ರಾಗಿ ಬೀಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

“ನಿಂಗೊಬ್ಳಿಗೇ ಬುದ್ಧಿ ಇತ್ತು ಅಂದ್ಕೊಂಡಿದ್ದೀಯಾ? ನೀನು ಕರಿ ಮಗ್ಗು ಹಿಡ್ಕೊಂಡು ಓಡಿ ಬಂದಾಗ ನಂಗೆ ಒಳಗೊಳಗೇ ಖುಷಿ ಆಯ್ತು ಕಣೆ. ಚೆನ್ನಾಗಿ ಕಾಯ್ತದೆ, ಮೂರು ತಿಂಗಳಿಗೇ ಬೀಳ್ತದೆ ಅಂತ. ಅವ್ಳ ಮುಖ ನೋಡ್ದೆ. ಸೆರಗು ಅಡ್ಡ ಇಟ್ಕೊಂಡು ನಗ್ತಿದ್ಲು. ಅವ್ಳೂ ಅದೇ ಲೆಕ್ಕ ಹಾಕಿದ್ಲು.”

ಮೂವರೂ ಒಂದೇ ತಪ್ಪು ಮಾಡಿದ್ದೆವು, ಒಂದೇ ಆಸೆಯಿಂದ.

“ಮತ್ತೆ ಇಷ್ಟು ವರ್ಷ ಯಾಕವ್ವ ಸುಮ್ನಿದ್ದೆ?”

“ಮೊದಮೊದ್ಲು ಸಿಟ್ಟು. ಆಮೇಲೆ ಅವ್ಳೇ ಮೊದ್ಲು ತಿರುಗ್ಲಿ ಅನ್ನೋ ಜಂಬ. ಆಮೇಲೆ ಊರು. ನಾವು ಮುರಿದ್ರೆ ಎಲ್ರದೂ ಮುರೀತದೆ ಅಂತ ಬೆಳ್ಳಯ್ಯ ಅಂತಿದ್ನಲ್ಲ.” ಅವ್ವ ಬೀಸುಕಲ್ಲಿನ ಮೇಲಿನ ಹಿಟ್ಟನ್ನು ಬೆರಳಿಂದ ಒರೆಸಿದಳು. “ಯಾವ ಕಡೆ ಕಿವಿ ಉಳಿದದೆ ಅಂದೆ?”

“ಎಡಗಡೆ.”

ಮರುದಿನ ಬೆಳಿಗ್ಗೆ ಹತ್ತರ ಹೊತ್ತು. ಬೀದಿಯಲ್ಲಿ ಜನ ಓಡಾಡುವ ಸಮಯ. ಇಬ್ಬರೂ ಜಗುಲಿಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದರು. ಅವ್ವ ಹೆಣೆಯುತ್ತಿದ್ದ ಬುಟ್ಟಿಯನ್ನು ಪಕ್ಕಕ್ಕಿಟ್ಟು ಎದ್ದಳು. ಮಂಡಿ ಹಿಡಿದುಕೊಂಡಿತ್ತು, ಕಂಬ ಹಿಡಿದು ಸುಧಾರಿಸಿಕೊಂಡಳು. ಆಮೇಲೆ ತನ್ನ ಚಾಪೆಯನ್ನು ಎಳೆದುಕೊಂಡು ಹೋಗಿ ಹೊಂಬಾಳಮ್ಮನ ಎಡಗಡೆ ಹಾಕಿ ಕೂತಳು. ಹೊಂಬಾಳಮ್ಮನ ಬೆರಳು ನಿಂತಿತು. ತಲೆ ಎತ್ತಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ಸೈಕಲ್ಲಿನಿಂದ ಕಾಲು ಕೆಳಗಿಟ್ಟ. ಮುಂದೆ ಅವರಿಬ್ಬರಿಗೆ ಆ ಗೋಡೆಯಲ್ಲಿ ಮೊಳೆ ಇಲ್ಲ, ಇನ್ನು ಎಂಥ ಮುನಿಸು ಬಂದರೂ ಅದಕ್ಕೆ ಗಡುವಿಲ್ಲ ಎಂಬುದು ನೋಡಿದವರಿಗೆಲ್ಲ ಗೊತ್ತಿತ್ತು.

“ಹೊಂಬಾಳಿ,” ಎಂದಳು ಅವ್ವ. “ಅವತ್ತು ಹಿಡಿ ಸಡಿಲಾಗೇ ಇತ್ತು ಕಣೆ. ನೀ ಬಿಚ್ಚಿದ್ದು ಸರಿ.”

ಹೊಂಬಾಳಮ್ಮ ಕಿವಿಯ ಹಿಂದೆ ಕೈ ಇಟ್ಟಳು. “ಆಂ?”

ಅವ್ವ ಹತ್ತಿರ ಬಗ್ಗಿದಳು, ದನಿ ಏರಿಸಿದಳು. “ಹಿಡಿ ಸಡಿಲಾಗಿತ್ತು ಅಂದೆ! ನಂದೇ ತಪ್ಪು!”

“ಏನು? ಗಟ್ಟಿಯಾಗಿ ಹೇಳೆ ನಂಜಿ, ಕಿವಿ ಹೋಗ್ಯದೆ ನಂಗೆ.”

ಅವ್ವ ನನ್ನ ಕಡೆ ನೋಡಿದಳು. ತಡವಾಯಿತು ಎನ್ನುವುದು ಅವಳ ಮುಖದಲ್ಲಿ ಹಾಗೇ ಕಂಡಿತು. ಅವ್ವ ಒಮ್ಮೆ ಉಸಿರು ಎಳೆದುಕೊಂಡು, ಜಗುಲಿಯ ಮೇಲೆ ಎದ್ದು ನಿಂತು, ಕಟ್ಟೆಯವರೆಗೂ ಕೇಳುವಂತೆ ಕೂಗಿದಳು. “ನನ್ನ ಹಿಡಿ ಸಡಿಲಾಗಿತ್ತು ಕಣೇ ಹೊಂಬಾಳೀ! ನೀನೇ ನನಗಿಂತ ಚೆನ್ನಾಗಿ ಹೆಣೀತಿದ್ದೆ! ನಾನು ಹೊಟ್ಟೆಕಿಚ್ಚಿಗೆ ಮಾತು ಬಿಟ್ಟೆ!”

ಗೋಡೆಯ ಕಡೆಯಿಂದ ಬೆಳ್ಳಯ್ಯ ಕೋಲೂರಿಕೊಂಡು ಬರುತ್ತಿದ್ದವನು ಅಲ್ಲೇ ನಿಂತ. ಅವ್ವ ಏದುಸಿರು ಬಿಡುತ್ತಾ ಕೆಳಗೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು.

ಹೊಂಬಾಳಮ್ಮ ಕಿವಿಯ ಹಿಂದಿನ ಕೈ ತೆಗೆದು, ಆ ಕೈಯನ್ನು ಅವ್ವನ ತೊಡೆಯ ಮೇಲೆ ಇಟ್ಟಳು. ಅವಳ ಕಣ್ಣಿನಿಂದ ನೀರು ಧಾರಾಕಾರ ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು.

“ಮೊದಲ್ನೇ ಸಲಕ್ಕೇ ಕೇಳಿಸ್ತು ಕಣೆ,” ಎಂದಳು. “ಹತ್ತೊಂಬತ್ತು ವರ್ಷ ಕಾದಿವ್ನಿ, ಮೂರು ಸಲ ಕೇಳ್ಬಾರ್ದಾ?”